ಸಹಾಯ ಬೇಕು: ನಲ್ಲಿ ನೀರಿನಲ್ಲಿ ಸೀಸವಿದೆಯೇ ಎಂದು ತಿಳಿಯುವುದು ಹೇಗೆ?

ನಮ್ಮ ಮನೆಯ ಕೊಳವೆಗಳು ಬಹಳ ಹಳೆಯವು. ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ಬಿಳಿ ಬಟ್ಟಲಿಗೆ ಹಿಡಿದರೆ ತೆಳು ಕಂದು ಬಣ್ಣ ಕಾಣುತ್ತದೆ. ಸ್ವಲ್ಪ ಹೊತ್ತು ಹರಿಯಬಿಟ್ಟ ಮೇಲೆ ತಿಳಿಯಾಗುತ್ತದೆ. ಆ ಬಣ್ಣ ಕಬ್ಬಿಣದ ತುಕ್ಕಿನದಿರಬಹುದು, ನನ್ನ ಆತಂಕ ಅದಲ್ಲ. ನೀರಿನಲ್ಲಿ ಕರಗಿದ ಸೀಸ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಹಳೆಯ ಸೀಸದ ಕೊಳವೆ, ಬೆಸುಗೆ, ಹಿತ್ತಾಳೆಯ ನಲ್ಲಿಗಳಿಂದ ಅದು ನಿಂತ ನೀರಿಗೆ ಸೇರುವುದರಿಂದ, ಶುದ್ಧೀಕರಣ ಘಟಕದಿಂದ ಹೊರಟ ನೀರು ಚೆನ್ನಾಗಿದ್ದರೂ ಮನೆಯೊಳಗೆ ಕೆಡಬಹುದು.

ಮನೆಯಲ್ಲಿ ಐದು ತಿಂಗಳ ಮಗುವಿದ್ದು, ಹಾಲಿನ ಪುಡಿಯನ್ನು ಇದೇ ನೀರನ್ನು ಕುದಿಸಿ ಕಲಸುತ್ತಿದ್ದೆವು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಸೀಸವಾಗಲಿ ನೈಟ್ರೇಟ್ ಆಗಲಿ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಸಾಂದ್ರವಾಗುತ್ತವೆ ಎಂದು ಓದಿದಂದಿನಿಂದ ನೆಮ್ಮದಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಸೀಸದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಾದಿಗಳ ಒಟ್ಟು ಪ್ರಮಾಣವನ್ನು ಅಂದಾಜಿಸುವ ಸಾಧನ) ತೋರಿಸದು.

ಪ್ರಯೋಗಾಲಯಕ್ಕೆ ಬೆಳಗಿನ ಮೊದಲ ನೀರನ್ನೂ ಹರಿಯಬಿಟ್ಟ ನಂತರದ ನೀರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕೊಡಬೇಕೆಂದಿದ್ದೇನೆ. ಇದು ಸರಿಯಾದ ಕ್ರಮವೇ? ವರದಿ ಬರುವವರೆಗೆ ಮಗುವಿನ ಹಾಲಿಗೆ ಆರ್‌ಒ ಶೋಧಕದ ನೀರು ಸಾಕೇ? ಇಂಥ ಪರೀಕ್ಷೆ ಮಾಡಿಸಿದವರು ಅಥವಾ ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಿ.