ಠಾಣೆ ಜೀಪು ಸ್ವಂತ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ (ಗೋಣಿಕೊಪ್ಪಲಿನ ಸದಸ್ಯೆ):
ಸರ್, ನಮ್ಮ ಕಡೆಯ ಒಂದು ಠಾಣೆಯ ಜೀಪು ದಿನಾ ಬೆಳಿಗ್ಗೆ ಸ್ಕೂಲ್ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. ಅಧಿಕಾರಿಯ ಮಕ್ಕಳು ಇಳಿಯುತ್ತಾರೆ. ಭಾನುವಾರ ಮದುವೆ ಮಂಟಪದ ಮುಂದೆಯೂ ಅದೇ ಜೀಪು. ಯಾರಾದರೂ ಕೇಳಿದರೆ "ಪೊಲೀಸರು 24 ಗಂಟೆಯೂ ಡ್ಯೂಟಿಯಲ್ಲಿರುತ್ತಾರೆ" ಅನ್ನುತ್ತಾರಂತೆ. ಇದಕ್ಕೆಲ್ಲ ಅವಕಾಶ ಇದೆಯಾ?

ಉತ್ತರ (ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿ.ಎ.ಆರ್.) ವಾಹನ ವಿಭಾಗದಲ್ಲಿದ್ದವರು):
ಆ 24 ಗಂಟೆಯ ಮಾತು ಸುಳ್ಳಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಪೊಲೀಸರು ಯಾವಾಗಲೂ ಕರ್ತವ್ಯದಲ್ಲಿ ಇದ್ದಂತೆಯೇ ಲೆಕ್ಕ. ಆದರೆ ಅದು ಮನುಷ್ಯನಿಗೆ ಹೇಳಿದ ಮಾತು. ಜೀಪು ಹೊರಟ ಪ್ರತಿ ಸಲವೂ ಅದಕ್ಕೊಂದು ಕೆಲಸ ಇರಬೇಕು, ಆ ಕೆಲಸ ಲಾಗ್ ಬುಕ್ಕಿನಲ್ಲಿ ಬರೆದಿರಬೇಕು. ತಾರೀಕು, ಹೊರಟ ಹೊತ್ತು, ಮೀಟರ್ ಎಷ್ಟಿತ್ತು, ಎಲ್ಲಿಂದ ಎಲ್ಲಿಗೆ, ಯಾಕೆ, ಕೊನೆಗೆ ಅಧಿಕಾರಿಯ ಸಹಿ. ಡೀಸೆಲ್ ಲೆಕ್ಕವನ್ನು ತಾಳೆ ನೋಡುವುದೂ ಅದೇ ಪುಸ್ತಕದ ಮೇಲೆ.

ಮಕ್ಕಳನ್ನು ಸ್ಕೂಲಿಗೆ ಬಿಡುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. "ದಾರಿಯಲ್ಲೇ ಇತ್ತು" ಅನ್ನುವುದು ಹಳೇ ನೆಪ. ಕೇಂದ್ರ ಸರ್ಕಾರದ ಸ್ಟಾಫ್ ಕಾರ್ (ಅಧಿಕಾರಿಗಳ ಓಡಾಟಕ್ಕೆ ಕಚೇರಿ ಇಟ್ಟುಕೊಂಡ ಕಾರು) ನಿಯಮಗಳಲ್ಲಿ ಕೆಲವು ಅಧಿಕಾರಿಗಳು ದುಡ್ಡು ಕಟ್ಟಿ ಸ್ವಂತಕ್ಕೆ ಕಾರು ಬಳಸುವ ಅವಕಾಶ ಇದೆ. ಅದನ್ನು ಕೇಳಿಕೊಂಡು ಕೆಲವರು ಇಲ್ಲಿಗೂ ಅನ್ವಯಿಸುತ್ತಾರೆ. ಠಾಣೆ ಜೀಪು ಸ್ಟಾಫ್ ಕಾರಲ್ಲ, ಅದು ಠಾಣೆಯದ್ದು.

ಮದುವೆ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ಬಂದೋಬಸ್ತಿಗೆ ಬಂದಿರಬಹುದು. ಇಲ್ಲವೇ ಅಧಿಕಾರಿ ತಮ್ಮ ಸರಹದ್ದಿನಲ್ಲೇ ಊಟಕ್ಕೆ ಬಂದಿದ್ದು, ಫೋನ್ ಬಂದರೆ ಅಲ್ಲಿಂದಲೇ ಓಡಬೇಕಾಗಿರಬಹುದು. ನನ್ನನ್ನು ಕೇಳಿದರೆ ಅದನ್ನು ತಪ್ಪು ಅನ್ನುವುದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಸರಹದ್ದು ದಾಟಿ ಕುಶಾಲನಗರದ ನೆಂಟರ ಮದುವೆಗೆ ಹೋದರೆ ತಪ್ಪೇ. ಅದನ್ನು ಮುಚ್ಚಲು ಪುಸ್ತಕದಲ್ಲಿ "ಗಸ್ತು" ಅಂತ ಬರೆದರೆ ಇನ್ನೂ ದೊಡ್ಡ ತಪ್ಪು. ಡೀಸೆಲ್ ಕಥೆ ಹೋಗಿ ಸುಳ್ಳು ದಾಖಲೆಯ ಕಥೆ ಶುರುವಾಗುತ್ತದೆ.

ಪ್ರಶ್ನೆ (ಅದೇ ಸದಸ್ಯೆ):
ಹಾಗಾದರೆ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ ಸರ್?

ಉತ್ತರ:
ಮಾಹಿತಿ ಹಕ್ಕಿನಲ್ಲಿ ಕೇಳಿ ಅಕ್ಕ. ಮಡಿಕೇರಿಯ ಎಸ್.ಪಿ. ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ ಇದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ ದೂರು, ಸಿಟ್ಟು ಎಲ್ಲ ಅದರಲ್ಲಿ ಬೇಡ. ಜೀಪಿನ ನಂಬರ್ ಬರೆದು, ಇಂಥ ದಿನದಿಂದ ಇಂಥ ದಿನದವರೆಗಿನ ಲಾಗ್ ಬುಕ್ ಪ್ರತಿ ಕೊಡಿ ಅಂತ ಮಾತ್ರ ಬರೆಯಿರಿ. ತನಿಖೆಗೆ ಸಂಬಂಧಿಸಿದ ಓಡಾಟದ ವಿವರ ಕೊಡದೇ ಇರಬಹುದು, ಅದು ಅವರ ಹಕ್ಕು. ನೀವು ನೋಡಿದ ದಿನ ಪುಸ್ತಕದಲ್ಲಿ ಬೇರೆ ಕಥೆ ಇದ್ದರೆ, ಆಗ ಎಸ್.ಪಿ.ಗೋ ಲೋಕಾಯುಕ್ತಕ್ಕೋ ದೂರು ಕೊಡಿ. ಫೋಟೋ ಹಿಡಿದು ವಾಟ್ಸಾಪ್ ಸ್ಟೇಟಸ್ ಹಾಕಿದರೆ ಜನ ನೋಡುತ್ತಾರೆ ಅಷ್ಟೇ.

ಪ್ರಶ್ನೆ (ಹೆಸರು ಬೇಡ ಎಂದವರು):
ನಮ್ಮ ಯಜಮಾನರು ಪೊಲೀಸ್ ಜೀಪ್ ಡ್ರೈವರ್. ಸಾಹೇಬರ ಮನೆಯವರನ್ನು ಮೈಸೂರು ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಬಾ ಅಂತ ಬಾಯಿಮಾತಲ್ಲೇ ಹೇಳುತ್ತಾರೆ. ಇಲ್ಲ ಅನ್ನೋಕೆ ಆಗಲ್ಲ. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ?

ಉತ್ತರ:
ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ ಅಮ್ಮ. ಸರ್ಕಾರಿ ಗಾಡಿಗಳಿಗೆ ಬಹಳ ಸಲ ಇನ್ಶೂರೆನ್ಸ್ ಇರುವುದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ವ್ಯಾಪಾರಕ್ಕೆ ಬಳಸದ ಸರ್ಕಾರಿ ಗಾಡಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಟ್ಟಿದೆ. ಅಂದರೆ ಪರಿಹಾರ ಕಟ್ಟಬೇಕಾದರೆ ಸರ್ಕಾರವೇ ಕಟ್ಟಬೇಕು.

ರಾಜಸ್ಥಾನದಲ್ಲಿ ಕಲೆಕ್ಟರ್ ಜೀಪನ್ನು ವರ್ಕ್‌ಶಾಪಿನಿಂದ ವಾಪಸ್ ತರುವಾಗ ಡ್ರೈವರ್ ಒಬ್ಬರಿಗೆ ಗುದ್ದಿದ, ಅವರು ತೀರಿಹೋದರು. ವಿದ್ಯಾವತಿ ಪ್ರಕರಣ ಅಂತಲೇ ಹೆಸರು. 1962ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರಕ್ಕೆ ಸರ್ಕಾರವೇ ಹೊಣೆ ಅಂದಿತು. ಆದರೆ ಆ ಡ್ರೈವರ್ ಸರ್ಕಾರದ ಕೆಲಸದಲ್ಲಿದ್ದ, ಗಮನಿಸಿ. ನಿಮ್ಮವರು ಹೋಗುವುದು ಸಾಹೇಬರ ಮನೆ ಕೆಲಸಕ್ಕೆ. ಅಪಘಾತ ಆದ ದಿನ "ನಾನು ಕಳಿಸಲೇ ಇಲ್ಲ" ಅಂತ ಒಂದು ಮಾತು ಬಂದರೆ ಮುಗಿಯಿತು, ಪೊಲೀಸ್ ಶಿಸ್ತು ನಿಯಮ 1965ರ ಕೆಳಗೆ ವಿಚಾರಣೆ ಮೊದಲು ಡ್ರೈವರ್ ಮೇಲೆಯೇ. ಸ್ಟೇರಿಂಗ್ ಹಿಡಿದಿದ್ದವರ ಮೇಲೆ ನಿರ್ಲಕ್ಷ್ಯ ಚಾಲನೆಯ ಕೇಸು ಬೇರೆ.

ಜಗಳ ಮಾಡಿ ಅಂತ ನಾನು ಹೇಳಲಾರೆ, ಇಲಾಖೆಯಲ್ಲಿ ಅದು ನಡೆಯುವುದಿಲ್ಲ. ಆದರೆ ಹೊರಡುವ ಮೊದಲು ಮೀಟರ್ ಬರೆದು, "ಸಾಹೇಬರ ಆದೇಶದಂತೆ ಮೈಸೂರಿಗೆ" ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ಸಹಿಗೆ ಅವತ್ತೇ ಇಡಲಿ, ವಾರದ್ದನ್ನು ಒಟ್ಟಿಗೆ ಹಾಕಿಸುವುದು ಬೇಡ. ಸಹಿ ಹಾಕಬೇಕಾದ ದಿನ ಎಷ್ಟೋ ಸಾಹೇಬರಿಗೆ ಟ್ಯಾಕ್ಸಿ ನೆನಪಾಗುವುದನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಸಿದ್ದಾಪುರದ ಸದಸ್ಯರು):
ಸರ್, ತೋಟದ ದಾರಿಯಲ್ಲಿ ಆನೆ ಇತ್ತು, ಕೊನೇ ಬಸ್ಸೂ ಹೋಗಿತ್ತು. ಪೊಲೀಸರೇ ನನ್ನನ್ನೂ ತಂಗಿಯನ್ನೂ ಲೈನ್ ಮನೆವರೆಗೆ (ತೋಟದ ಕೆಲಸಗಾರರ ಸಾಲು ಮನೆ) ಬಿಟ್ಟರು. ಅವರಿಗೆ ತೊಂದರೆ ಆಗುತ್ತದಾ?

ಉತ್ತರ:
ಖಂಡಿತ ಇಲ್ಲ. ಅದು ಡ್ಯೂಟಿಯೇ. ಲಾಗ್ ಬುಕ್ಕಿನಲ್ಲೂ ಠಾಣೆಯ ದಿನಚರಿ ಪುಸ್ತಕದಲ್ಲೂ (ಸ್ಟೇಷನ್ ಹೌಸ್ ಡೈರಿ) ಒಂದು ಸಾಲು ಬರೆದರೆ ಸಾಕು. ಮತ್ತೊಮ್ಮೆ ಹಾಗಾದರೆ 112ಕ್ಕೆ ಮಾಡಿ. ಕರೆ ದಾಖಲಾಗುತ್ತದೆ, ಬಂದವರಿಗೂ ಅನುಕೂಲ.

ಪ್ರಶ್ನೆ (ಕುಶಾಲನಗರದ ಸದಸ್ಯರು):
ಸ್ವಂತ ಬೈಕಿಗೆ "ಪೊಲೀಸ್" ಅಂತ ಸ್ಟಿಕ್ಕರ್ ಹಾಕಿಕೊಂಡು ಹೆಲ್ಮೆಟ್ ಇಲ್ಲದೆ ಹೋಗುವವರಿಗೆ ಏನಾದರೂ ವಿನಾಯಿತಿ ಇದೆಯಾ?

ಉತ್ತರ:
ವಿನಾಯಿತಿ ಇಲ್ಲ, ಉಲ್ಟಾ ಜಾಸ್ತಿ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 210ಬಿ ಅಂತ ಒಂದು ಕಲಂ ಬಂತು. ಸಂಚಾರ ಕಾನೂನು ಜಾರಿ ಮಾಡಬೇಕಾದವರೇ ಅದನ್ನು ಮುರಿದರೆ ದಂಡ ಎರಡು ಪಟ್ಟು.