ಎರಡು ಮನೆಮಾತುಗಳ ನಡುವೆ ಮಗಳಿಗೊಂದು ಹೆಸರು

ಕೋರಿಕೆ: ನಾನು ಕನ್ನಡದವಳು, ಪತಿ ಬಂಗಾಳಿ. ಬರುವ ತಿಂಗಳು ಮಗಳ ನಾಮಕರಣ. ಹೆಸರು ಎರಡೂ ಮನೆಯವರ ಬಾಯಲ್ಲಿ ಕೆಡದೆ ಉಳಿಯಬೇಕು, ಅರ್ಥವೂ ಸರಿಯಿರಬೇಕು. ಇಂಥ ಮನೆಗಳಲ್ಲಿ ಹೆಸರಿಟ್ಟ ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ತಂಗೀ, ನಮ್ಮ ಸೊಸೆಯೂ ಬಂಗಾಳದವಳು. ಮೊದಲ ಮೊಮ್ಮಗಳಿಗೆ ನಾನು ಬಹಳ ಆಸೆಪಟ್ಟು ವಸುಧಾ ಎಂಬ ಹೆಸರನ್ನು ಆರಿಸಿದ್ದೆ. ನಾಮಕರಣದ ದಿನ ಬೀಗಿತ್ತಿ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ‘ಬೊಶುಧಾ’ ಎಂದು ಮೂರು ಸಲ ಹೇಳಿದಾಗ, ಬೇರೆ ಯಾರದೋ ಮಗುವನ್ನು ಕರೆದಂತಾಗಿ ನನ್ನ ಮನಸ್ಸು ಪಿಚ್ಚೆಂದಿತು. ಅವರ ತಪ್ಪೇನೂ ಇರಲಿಲ್ಲ. ಬಂಗಾಳಿಯಲ್ಲಿ ಸಂಸ್ಕೃತದ ವಕಾರ ಬಕಾರವಾಗುತ್ತದೆ, ಸಕಾರ ಸಾಮಾನ್ಯವಾಗಿ ಶಕಾರವಾಗುತ್ತದೆ, ಹ್ರಸ್ವ ಅಕಾರ ಒಕಾರದ ಕಡೆಗೆ ವಾಲುತ್ತದೆ. ನಮ್ಮ ವಿಕಾಸ ಅಲ್ಲಿ ‘ಬಿಕಾಶ್’, ನಮ್ಮ ಲಕ್ಷ್ಮಿ ಅಲ್ಲಿ ‘ಲೊಕ್ಖಿ’. ಆದ್ದರಿಂದ ವ, ಸ, ಕ್ಷ ಇರುವ ಹೆಸರುಗಳನ್ನೂ ಮೊದಲ ಅಕ್ಷರದಲ್ಲೇ ಹ್ರಸ್ವ ಅಕಾರವಿರುವ ಹೆಸರುಗಳನ್ನೂ ಬದಿಗಿಟ್ಟು, ಮಾಲಿನಿ, ಮೀರಾ, ನೀಲಿಮಾ ಮುಂತಾದವುಗಳ ನಡುವೆ ಹುಡುಕಿ ನೋಡಿ. ಎರಡನೆಯವಳಿಗೆ ನಾವು ನೀಲಿಮಾ ಎಂದೇ ಇಟ್ಟೆವು. ಈಗ ಅಜ್ಜಿಯರಿಬ್ಬರೂ ಅವಳನ್ನು ಒಂದೇ ರೀತಿಯಲ್ಲಿ ಕರೆಯುತ್ತೇವೆ. ಬಂಗಾಳಿಗಳಲ್ಲಿ ಹೊರಗಿನ ಬಳಕೆಗೆ ‘ಭಾಲೊ ನಾಮ್’, ಮನೆಯಲ್ಲಿ ಕರೆಯಲು ‘ಡಾಕ್ ನಾಮ್’ ಎಂದು ಎರಡು ಹೆಸರಿಡುವ ರೂಢಿಯಿದೆ. ಆ ಎರಡನೆಯದನ್ನು ನಮ್ಮ ಪಾಲಿಗೆ ಕೇಳಿ ಪಡೆದುಕೊಂಡೆವು: ನೀಲಿಮಾ ಎರಡೂ ಮನೆಗಳಲ್ಲಿ ‘ಮಿಂಚು’.

ಎರಡನೆಯ ಉತ್ತರ: ಗಂಡೋ ಹೆಣ್ಣೋ ಎಂಬುದನ್ನೂ ವಿಚಾರಿಸಿಕೊಳ್ಳಿ. ಜ್ಯೋತಿ ಎಂಬ ಹೆಸರಿನ ನಮ್ಮ ಅಕ್ಕ ಕೋಲ್ಕತ್ತಕ್ಕೆ ವರ್ಗವಾದಾಗ, ಆಕೆಗೆ ಬಂದ ಮೊದಲ ಪತ್ರದಲ್ಲಿ ‘ಶ್ರೀಯುತ’ ಎಂದಿತ್ತು. 1977ರಿಂದ 2000ದವರೆಗೆ ಜ್ಯೋತಿ ಬಸು ಅವರು ಮುಖ್ಯಮಂತ್ರಿಯಾಗಿದ್ದ ರಾಜ್ಯದಲ್ಲಿ ಅದು ಸಹಜವೇ. ಸಂಸ್ಕೃತದ ‘ಜ್ಯೋತಿಸ್’ ನಪುಂಸಕಲಿಂಗದ ಪದವಾದ್ದರಿಂದ ಒಂದೊಂದು ನಾಡು ಅದನ್ನು ಒಂದೊಂದು ಬಗೆಯಲ್ಲಿ ತನ್ನದಾಗಿಸಿಕೊಂಡಿದೆ. ನಮ್ಮಲ್ಲಿ ಹೆಚ್ಚಾಗಿ ಗಂಡುಮಕ್ಕಳಿಗಿಡುವ ಕಿರಣ್ ಉತ್ತರದಲ್ಲಿ ಹೆಣ್ಣುಮಕ್ಕಳ ಹೆಸರೂ ಹೌದು.

ಮೂರನೆಯ ಉತ್ತರ: ಅರ್ಥದ ವಿಷಯದಲ್ಲಿ ಅಂತರ್ಜಾಲದ ಹೆಸರುಪಟ್ಟಿಗಳನ್ನು ನಂಬಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ‘ಆರವ್’ ಎಂದರೆ ಶಾಂತನೆಂದು ಅಲ್ಲಿ ಬರೆದಿರುತ್ತಾರೆ. ಸಂಸ್ಕೃತದ ‘ಆರವ’ಕ್ಕೆ ಕೂಗು, ಸದ್ದು ಎಂದರ್ಥ. ಇನ್ನು ಕೆಲವು ಹೆಸರುಗಳಿಗೆ ನಿಜವಾಗಿಯೇ ಎರಡು ಮೂಲಗಳಿವೆ: ಸಂಸ್ಕೃತದ ಸಮೀರ ಗಾಳಿಯಾದರೆ, ಅರಬಿಯ ಸಮೀರ್ ರಾತ್ರಿಯ ಹೊತ್ತು ಜೊತೆಗೆ ಕುಳಿತು ಮಾತನಾಡುವ ಗೆಳೆಯ. ನಾವು ಚಿನ್ನಸ್ವಾಮಿ ಎಂಬ ಹೆಸರಿನಲ್ಲಿ ಬಂಗಾರವನ್ನು ಕಾಣುತ್ತೇವೆ, ಆದರೆ ತಮಿಳಿನ ‘ಚಿನ್ನ’ ಎಂದರೆ ಚಿಕ್ಕದು. ನಿಜವಾದ ಬಂಗಾರ ತಮಿಳಿನಲ್ಲಿ ‘ಪೊನ್’. ಹಳಗನ್ನಡದಲ್ಲೂ ಅದು ‘ಪೊನ್’ ಆಗಿತ್ತು, ಮುಂದೆ ಪಕಾರ ಹಕಾರವಾಗಿ ‘ಹೊನ್ನು’ ಆಯಿತು. ಹತ್ತನೆಯ ಶತಮಾನದ ಕವಿ ಪೊನ್ನನಿಂದ ಹದಿನೇಳನೆಯ ಶತಮಾನದ ಸಂಚಿ ಹೊನ್ನಮ್ಮನವರೆಗಿನ ದಾರಿಯನ್ನು ಆ ಒಂದಕ್ಷರದಲ್ಲಿ ನೋಡುವಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ. ಹೆಸರನ್ನು ಗೊತ್ತುಮಾಡುವ ಮುನ್ನ 1894ರ ಕಿಟೆಲ್ ನಿಘಂಟನ್ನಾಗಲಿ ಒಳ್ಳೆಯ ಸಂಸ್ಕೃತ ನಿಘಂಟನ್ನಾಗಲಿ ತೆರೆದು ನೋಡಿ, ಬಂಗಾಳಿ ಅರ್ಥವನ್ನು ನಿಮ್ಮ ಅತ್ತೆಯವರನ್ನೇ ಕೇಳಿ. ಅವಸರವೂ ಬೇಡ: ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಿ, ನಂತರ ಹೆಸರನ್ನು ಸೇರಿಸಲು 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.