ಗಾಯಗೊಂಡವರು ನಿರ್ಲಕ್ಷ್ಯದ ದಾವೆಯನ್ನು ಯಾವಾಗ ಹೂಡಬಹುದು? ಅನುಭವವಿದ್ದವರು ತಿಳಿಸಿ

ಪ್ರಶ್ನೆ

ನನ್ನ ತಂದೆಯವರು ವಾಣಿಜ್ಯ ಕಟ್ಟಡವೊಂದರ ಮೆಟ್ಟಿಲಿಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯಾಗಿದೆ, ಆದರೆ ಊರುಗೋಲಿಲ್ಲದೆ ಇನ್ನೂ ನಡೆಯಲಾರರು. ಆ ಮೆಟ್ಟಿಲ ಮೇಲಿನ ದೀಪ ಬಹಳ ಕಾಲದಿಂದ ಕೆಟ್ಟಿತ್ತೆಂದು ಅಲ್ಲಿಯ ಬಾಡಿಗೆದಾರರೊಬ್ಬರು ಹೇಳಿದರು. ನಿರ್ವಹಣೆಯವರು ಮಾತ್ರ, ಅವರು ನೋಡಿಕೊಂಡು ಇಳಿಯಬೇಕಿತ್ತು, ಅಲ್ಲದೆ ಅವರು ಸ್ನೇಹಿತರ ಜೊತೆಗೆ ಬಂದವರೇ ಹೊರತು ಇಲ್ಲಿಯ ಗ್ರಾಹಕರಲ್ಲ ಎನ್ನುತ್ತಿದ್ದಾರೆ. ನಾವು ದಾವೆ ಹೂಡಬಹುದೇ?

ಉತ್ತರ: ನಿವೃತ್ತ ವಕೀಲರು

ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ. ವೃತ್ತಿಯುದ್ದಕ್ಕೂ ಗಾಯಾಳುಗಳ ಪರವಾಗಿ ವಾದಿಸಿದವನಾದ್ದರಿಂದ, ನನ್ನ ಬಳಿಗೆ ಬಂದವರಿಗೆಲ್ಲ ಮೊದಲು ಹೇಳುತ್ತಿದ್ದ ಮಾತನ್ನೇ ನಿಮಗೂ ಹೇಳುತ್ತೇನೆ. ಪೆಟ್ಟು ಎಷ್ಟೇ ದೊಡ್ಡದಾಗಿರಲಿ, ಪೆಟ್ಟಾಯಿತು ಎಂಬ ಒಂದೇ ಕಾರಣಕ್ಕೆ ದಾವೆ ನಿಲ್ಲುವುದಿಲ್ಲ. ಎದುರಿನವರಿಗೆ ನಿಮ್ಮ ತಂದೆಯವರ ಬಗ್ಗೆ ಎಚ್ಚರ ವಹಿಸುವ ಕರ್ತವ್ಯವಿತ್ತು, ಅದನ್ನು ಅವರು ಪಾಲಿಸಲಿಲ್ಲ, ಆ ಲೋಪದಿಂದಲೇ ಪೆಟ್ಟಾಯಿತು, ಅದರಿಂದ ಲೆಕ್ಕಕ್ಕೆ ಸಿಗುವ ನಷ್ಟವಾಯಿತು ಎಂಬುದೆಲ್ಲವನ್ನೂ ತೋರಿಸಿಕೊಡಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪರಿಹಾರ ದೊರೆಯದು. ಇಂಗ್ಲಿಷ್ ಕಾನೂನಿನ ಪರಂಪರೆಯಿರುವ ದೇಶಗಳಲ್ಲಿ ಕ್ರಮ ಸ್ಥೂಲವಾಗಿ ಹೀಗೆಯೇ ಇದೆ.

ಗ್ರಾಹಕರಲ್ಲ ಎಂಬ ವಾದಕ್ಕೆ ಅಂಜಬೇಡಿ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಡೊನೊಹ್ಯೂ ಎಂಬ ಮಹಿಳೆ ತಮ್ಮ ಸ್ನೇಹಿತೆ ಕೊಡಿಸಿದ ಶುಂಠಿ ಪಾನೀಯವನ್ನು ಕುಡಿದರು. ಬಣ್ಣದ ಬಾಟಲಿಯೊಳಗೆ ಕೊಳೆತ ಬಸವನಹುಳು ಇತ್ತು, ಅದರಿಂದ ತಮ್ಮ ಆರೋಗ್ಯ ಕೆಟ್ಟಿತು ಎಂಬುದು ಅವರ ದೂರು. ಹಣ ಕೊಟ್ಟವರು ಸ್ನೇಹಿತೆಯಾದ್ದರಿಂದ ತಯಾರಕರೊಂದಿಗೆ ಅವರಿಗೆ ಯಾವ ಕರಾರೂ ಇರಲಿಲ್ಲ. ಆದರೂ ತನ್ನ ಅಜಾಗರೂಕತೆಯಿಂದ ಯಾರಿಗೆ ಹಾನಿಯಾದೀತೆಂದು ಮೊದಲೇ ಊಹಿಸಬಹುದೋ ಅವರ ಬಗ್ಗೆ ಎಚ್ಚರವಿರಬೇಕು ಎಂದು 1932ರಲ್ಲಿ ಅಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ತೀರ್ಪಿತ್ತಿತು. ಸಾರ್ವಜನಿಕರಿಗೆ ತೆರೆದಿಟ್ಟ ಮೆಟ್ಟಿಲನ್ನು ಹಣ ಕೊಡದವರೂ ಇಳಿಯುತ್ತಾರೆಂಬುದು ಯಾರಿಗೂ ತಿಳಿಯುವ ವಿಷಯ.

ಕಷ್ಟವಿರುವುದು ಮುಂದಿನ ಹಂತಗಳಲ್ಲಿ. ಸಣ್ಣಪುಟ್ಟ ಅಪಾಯಗಳನ್ನೆಲ್ಲ ತಡೆಯಬೇಕೆಂದು ಕಾನೂನು ಯಾರನ್ನೂ ಒತ್ತಾಯಿಸುವುದಿಲ್ಲ. ಮೈದಾನದಿಂದ ಹಾರಿಬಂದ ಕ್ರಿಕೆಟ್ ಚೆಂಡು ತಗುಲಿ ಗಾಯಗೊಂಡ ಮಹಿಳೆಯೊಬ್ಬರ ದಾವೆ 1951ರಲ್ಲಿ ಸೋತಿತು, ಏಕೆಂದರೆ ಚೆಂಡು ಬೇಲಿ ದಾಟಿ ಬೀದಿಗೆ ಬೀಳುವುದು ಅಲ್ಲಿ ತೀರ ಅಪರೂಪವಾಗಿತ್ತು. ಆದ್ದರಿಂದ ದೀಪ ಕೆಟ್ಟು ಎಷ್ಟು ಕಾಲವಾಗಿತ್ತು, ಯಾರಾದರೂ ದೂರು ಕೊಟ್ಟಿದ್ದರೇ, ನಿರ್ವಹಣೆಯವರಿಗೆ ಅದು ಗೊತ್ತಿತ್ತೇ ಎಂಬುದು ನಿಮ್ಮ ಪ್ರಕರಣದ ಜೀವಾಳ. ಅಂದು ಬೆಳಿಗ್ಗೆಯಷ್ಟೇ ಕೆಟ್ಟ ದೀಪಕ್ಕೂ ತಿಂಗಳುಗಟ್ಟಲೆ ಯಾರೂ ಕೇಳದೆ ಬಿಟ್ಟ ದೀಪಕ್ಕೂ ನ್ಯಾಯಾಲಯದ ಕಣ್ಣಿನಲ್ಲಿ ಬಹಳ ಅಂತರವಿದೆ.

ಕಾರಣದ ಕೊಂಡಿಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. 1960ರ ದಶಕದ ಒಂದು ಇಂಗ್ಲಿಷ್ ಮೊಕದ್ದಮೆಯಲ್ಲಿ, ಚಹಾ ಕುಡಿದು ವಾಂತಿ ಮಾಡಿಕೊಳ್ಳುತ್ತಿದ್ದ ಕಾವಲುಗಾರನನ್ನು ಕರ್ತವ್ಯದಲ್ಲಿದ್ದ ವೈದ್ಯರು ಪರೀಕ್ಷಿಸದೆಯೇ ಮನೆಗೆ ಕಳುಹಿಸಿದರು ಮತ್ತು ಆತ ಆರ್ಸೆನಿಕ್ ವಿಷದಿಂದ ಸತ್ತನು. ವೈದ್ಯರ ಲೋಪವನ್ನು ನ್ಯಾಯಾಲಯ ಒಪ್ಪಿತು. ಆದರೆ ತಕ್ಷಣ ಚಿಕಿತ್ಸೆ ನೀಡಿದ್ದರೂ ಆತ ಬದುಕುವ ಸಂಭವವಿರಲಿಲ್ಲವೆಂಬ ಕಾರಣಕ್ಕೆ ಆತನ ಪತ್ನಿಗೆ ಪರಿಹಾರ ಸಿಗಲಿಲ್ಲ. ಈ ತೀರ್ಪು ನನಗೆ ಇಂದಿಗೂ ಕಠೋರವೆನಿಸುತ್ತದೆ, ಆದರೆ ಕಾನೂನು ನಿಂತಿರುವುದು ಹಾಗೆಯೇ. ನಿಮ್ಮ ತಂದೆಯವರು ತಲೆ ಸುತ್ತಿ ಬಿದ್ದರೆಂದು ಎದುರಿನವರು ವಾದಿಸಬಹುದು. ಬಿದ್ದದ್ದು ಹೇಗೆಂಬುದನ್ನು ಅವರ ನೆನಪು ಹಸಿಯಾಗಿರುವಾಗಲೇ, ಅವರದೇ ಮಾತಿನಲ್ಲಿ ದಿನಾಂಕದೊಂದಿಗೆ ಬರೆದಿಡಿ.

ಉತ್ತರ: ತಾಯಿಗಾಗಿ ದಾವೆ ನಡೆಸಿದವರು

ವಕೀಲರ ಮಾತಿಗೆ ನನ್ನದೊಂದು ಸೇರ್ಪಡೆ. ನನ್ನ ತಾಯಿಯವರು ಅಂಗಡಿಯೊಂದರಲ್ಲಿ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ನಮ್ಮನ್ನು ಕಾಪಾಡಿದ್ದು ಸಿಸಿಟಿವಿ ದೃಶ್ಯ. ಅದನ್ನು ಅಳಿಸದೆ ಉಳಿಸಿಕೊಳ್ಳಬೇಕೆಂದು ಕೂಡಲೇ ಲಿಖಿತವಾಗಿ ಕೇಳಿದ್ದೆವು. ಇಂಥ ದೃಶ್ಯಗಳ ಮೇಲೆ ಕೆಲವೇ ವಾರಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿ ಹಳೆಯವು ಅಳಿದುಹೋಗುತ್ತವೆ. ದೀಪವನ್ನು ಈಗಾಗಲೇ ಸರಿಪಡಿಸಿಬಿಟ್ಟಿದ್ದರೆ, ಬಾಡಿಗೆದಾರರ ಹೇಳಿಕೆಯೇ ನಿಮಗೆ ಆಸರೆ. ಅದನ್ನು ಬರಹದಲ್ಲಿ ಪಡೆಯಿರಿ. ಚಿಕಿತ್ಸೆಯ ದಾಖಲೆ, ಔಷಧಿಯ ರಸೀದಿ, ಆರೈಕೆಗಾಗಿ ನೀವು ಕೆಲಸ ಬಿಟ್ಟು ಕುಳಿತ ದಿನಗಳ ವಿವರ, ಇವೆಲ್ಲ ಒಂದೇ ಕಡತದಲ್ಲಿರಲಿ.

ವಿಮಾ ಕಂಪನಿಯಿಂದ ಬಂದವರು ಬಹಳ ಸೌಜನ್ಯದಿಂದ ಮಾತನಾಡಿ, ಸಣ್ಣ ಮೊತ್ತವೊಂದನ್ನು ಮುಂದಿಟ್ಟು ಸಹಿ ಕೇಳಿದರು. ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲವೆಂಬ ಸಾಲು ಅಂಥ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೂಳೆ ಕೂಡಿತೇ, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೇ ಎಂದು ವೈದ್ಯರು ಹೇಳುವವರೆಗೆ ದಯವಿಟ್ಟು ಸಹಿ ಹಾಕಬೇಡಿ.

ಉತ್ತರ: ಕಾರ್ಖಾನೆಯ ಕೆಲಸಗಾರರು

ನನ್ನ ಬೆರಳು ಯಂತ್ರಕ್ಕೆ ಸಿಕ್ಕಾಗ ನನಗೂ ನೋಡಿಕೊಂಡು ಕೆಲಸ ಮಾಡಬೇಕಿತ್ತೆಂದೇ ಹೇಳಿದ್ದರು. ಅದು ನಿಜವೇ ಆಗಿದ್ದರೂ ಹಲವು ದೇಶಗಳಲ್ಲಿ ಅಷ್ಟಕ್ಕೇ ದಾವೆ ಬಿದ್ದುಹೋಗುವುದಿಲ್ಲ, ಗಾಯಗೊಂಡವರ ಪಾಲಿನ ತಪ್ಪಿಗೆ ತಕ್ಕಷ್ಟು ಪರಿಹಾರ ಕಡಿಮೆಯಾಗುತ್ತದೆ. ಸೀಟ್ ಬೆಲ್ಟ್ ಹಾಕದವರ ಬಗ್ಗೆ 1975ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಬೆಲ್ಟ್ ಹಾಕಿದ್ದರೆ ಗಾಯವೇ ಆಗುತ್ತಿರಲಿಲ್ಲವೆಂದಾದರೆ ಶೇ. 25, ಗಾಯದ ತೀವ್ರತೆ ತಗ್ಗುತ್ತಿತ್ತೆಂದಾದರೆ ಶೇ. 15ರಷ್ಟು ಕಡಿತ ಮಾಡಬಹುದೆಂದಿತು. ಆದರೆ ಅಮೆರಿಕದ ವರ್ಜೀನಿಯಾದಂಥ ಕೆಲವು ರಾಜ್ಯಗಳಲ್ಲಿ ಗಾಯಾಳುವಿನ ಅಲ್ಪ ತಪ್ಪೂ ದಾವೆಯನ್ನೇ ಮುಳುಗಿಸಬಲ್ಲದು. ಹಾಗಾಗಿ ನಿರ್ವಹಣೆಯವರಿಗೆ ಸಿಟ್ಟಿನಲ್ಲಿ ಉತ್ತರ ಬರೆಯುವ ಮೊದಲು ವಕೀಲರಿಗೆ ತೋರಿಸಿ. ವಯಸ್ಸಾಗಿತ್ತು, ಕಾಲು ಬಲವಿರಲಿಲ್ಲ ಎಂದು ಅವರು ವಾದಿಸಿದರೆ ಇದು ನೆನಪಿರಲಿ: ಮೊದಲೇ ಒಂದು ಕಣ್ಣು ಕಳೆದುಕೊಂಡಿದ್ದ ಕೆಲಸಗಾರನಿಗೆ ಮಾಲೀಕರು ರಕ್ಷಣಾ ಕನ್ನಡಕ ಕೊಡಬೇಕಿತ್ತೆಂದು ಹೌಸ್ ಆಫ್ ಲಾರ್ಡ್ಸ್ 1950ರಲ್ಲಿ ಹೇಳಿದೆ, ಏಕೆಂದರೆ ಆತನ ದೌರ್ಬಲ್ಯ ಅವರಿಗೆ ತಿಳಿದಿತ್ತು. ಎಲ್ಲರೂ ಬಳಸುವ ಮೆಟ್ಟಿಲಿನಲ್ಲಿ ವೃದ್ಧರೂ ಇಳಿಯುತ್ತಾರೆಂಬುದು ತಿಳಿಯದ ಸಂಗತಿಯೇ?

ಉತ್ತರ: ನಿವೃತ್ತ ವಕೀಲರು

ಕಾಲಮಿತಿಯ ಬಗ್ಗೆ ಬರೆಯುವುದು ಉಳಿದಿತ್ತು. ಇಂಗ್ಲೆಂಡಿನಲ್ಲಿ ಗಾಯವಾದಂದಿನಿಂದ ಅಥವಾ ಅದರ ಕಾರಣ ತಿಳಿದಂದಿನಿಂದ ಸಾಮಾನ್ಯವಾಗಿ 3 ವರ್ಷ, ಅಮೆರಿಕದ ಕೆಲವು ರಾಜ್ಯಗಳಲ್ಲಿ 1 ವರ್ಷ ಮಾತ್ರ. ಕಟ್ಟಡ ಸರ್ಕಾರದ್ದಾಗಿದ್ದರೆ ಹಲವೆಡೆ ಅದಕ್ಕಿಂತ ಬಹಳ ಮೊದಲೇ ನೋಟಿಸ್ ಕೊಡಬೇಕಾಗುತ್ತದೆ. ಮಾತುಕತೆ ನಡೆಯುತ್ತಿದೆಯೆಂದ ಮಾತ್ರಕ್ಕೆ ಈ ಗಡುವು ನಿಲ್ಲುತ್ತದೆಂದು ಭಾವಿಸಬೇಡಿ. ಈ ವಾರವೇ ನಿಮ್ಮಲ್ಲಿಯ ವಕೀಲರೊಬ್ಬರನ್ನು ಕಂಡು, ಕೊನೆಯ ದಿನಾಂಕ ಯಾವುದೆಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.